ತೆಗೆದ ಮಣ್ಣು

"ಗುರುಗಳೇ, ಅಣುಬಾಂಬು ಹಾಕಿ ಊರು ಸುಡುವುದು ಪಾಪ, ಒಪ್ಪಿದೆ. ಅದೇ ಬಾಂಬಿನಿಂದ ಕಾಲುವೆ ತೋಡಿದರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಇಬ್ಬರೂ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಗುರುಗಳು ಲೋಟ ಕೈಗೆತ್ತಿಕೊಂಡರು.

"ಅಂಥ ಬಾಂಬನ್ನು ಈ ಅಂಗೈಯಲ್ಲಿ ತೂಗಿ ನೋಡಿದವನು ನಾನು," ಎಂದರು. ಒಂದು ಗುಟುಕು ಹೀರಿ, "ಈಗ ಹೇಳಿದ್ದು ಸುಳ್ಳು. ಕತೆ ಕೇಳು," ಎಂದರು.

ಒಬ್ಬ ರೈತನಿದ್ದ. ಅವನ ಹೊಲಕ್ಕೂ ಹೊಳೆಗೂ ನಡುವೆ ಒಂದು ಗುಡ್ಡ ಅಡ್ಡ ಕೂತಿತ್ತು. ಕಾಲುವೆ ಬಂದರೆ ಎರಡು ಬೆಳೆ. ಇಲ್ಲದಿದ್ದರೆ ಮುಗಿಲು ನೋಡುವುದೇ ಕಸುಬು. ಒಂದು ದಿನ ಅಧಿಕಾರಿಯೊಬ್ಬ ಬಂದು, ಗುಡ್ಡದ ಹೊಟ್ಟೆಯಲ್ಲಿ ಅಣುಬಾಂಬು ಹೂತು ಸಿಡಿಸಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಾಲುವೆ ಸಿದ್ಧ ಎಂದ. ಊರು ಚಪ್ಪಾಳೆ ತಟ್ಟಿತು. ರೈತನೂ ತಟ್ಟಿದ. ಆದರೆ ಅವನು ಬಾವಿ ತೋಡಿದವನು. ಬಾವಿ ತೋಡುವವರು ಗುದ್ದಲಿ ಎತ್ತುವ ಮೊದಲೇ ಕೇಳಿಕೊಳ್ಳುವ ಮಾತನ್ನು ಕೇಳಿದ.

"ತೆಗೆದ ಮಣ್ಣು ಎಲ್ಲಿ ಹಾಕುತ್ತೀರಿ ಸಾಹೇಬರೇ?"

"ಹಾಕುವುದೇನು ಬಂತು? ಧೂಳಾಗಿ ಗಾಳಿಗೆ ಹೋಗುತ್ತದೆ."

"ಗಾಳಿ ಎಲ್ಲಿ ಹಾಕುತ್ತದೆ?"

ಅಧಿಕಾರಿ ನಕಾಶೆಯಲ್ಲಿ ಮೂಡಣದ ಕಣಿವೆ ತೋರಿಸಿದ. ಆ ಧೂಳಿನಲ್ಲಿ ವಿಕಿರಣದ ವಿಷವಿರುತ್ತದೆ, ಹುಲ್ಲಿಗೆ ಇಳಿದು ಹಾಲಿಗೆ ಬರುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. "ಆದರೆ ಅಲ್ಲಿ ಯಾರೂ ಇಲ್ಲ," ಎಂದ.

"ಮಳೆ ಬಿದ್ದ ಮೇಲೆ ಕುರಿಗಾರರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ."

"ಈಗ ಯಾರೂ ಇಲ್ಲವಲ್ಲ."

ರೈತ ಮನೆಗೆ ಹೋಗಿ ಕಂಬಳಿ ಸುತ್ತಿ ಹೆಗಲಿಗೇರಿಸಿದ, ಹಸುವಿನ ಹಗ್ಗ ಬಿಚ್ಚಿದ. ಎಲ್ಲಿಗೆ ಹೊರಟಿತು ಸವಾರಿ ಎಂದು ಹೆಂಡತಿ ಕೇಳಿದಳು. "ಯಾರೂ ಇಲ್ಲದ ಕಡೆಗೆ," ಎಂದ. ಕಣಿವೆಗೆ ಹೋದವನೇ ಮೂರು ಕಲ್ಲು ಹೂಡಿ ಒಲೆ ಹಚ್ಚಿದ.

ಹೊಗೆ ಎದ್ದದ್ದು ಕಂಡು ಅಧಿಕಾರಿ ಜೀಪಿನಲ್ಲಿ ಧಾವಿಸಿ ಬಂದ. "ನಿನ್ನೊಬ್ಬನಿಗಾಗಿ ಇಡೀ ಊರಿನ ಹೊಲ ಒಣಗಬೇಕೇನಯ್ಯಾ?"

"ಒಣಗುವುದರಲ್ಲಿ ನನ್ನದೂ ಇದೆ. ಗುದ್ದಲಿ ತರಿಸಿ. ಮೊದಲ ಬುಟ್ಟಿ ನಾನು ಹೊರುತ್ತೇನೆ."

"ನಿನ್ನ ಮೊಮ್ಮಕ್ಕಳ ಕಾಲಕ್ಕೆ ಮುಗಿದೀತು."

"ಆಗ ಮುಗಿಯಲಿ. ಬುಟ್ಟಿಯ ಮಣ್ಣು ಸುರಿದಲ್ಲೇ ಬಿದ್ದಿರುತ್ತದೆ."

ಅಧಿಕಾರಿ ಕಾದ. ರೈತ ಏಳಲಿಲ್ಲ. ಮಳೆ ಬಂತು, ಕುರಿಗಾರರೂ ಬಂದರು. ಕಣಿವೆಯಲ್ಲಿ ಜನವಿರುವಾಗ ಸಿಡಿಸುವಂತಿರಲಿಲ್ಲ; ತರಿಸಿಟ್ಟಿದ್ದ ಬಾಂಬು ಬಂದ ದಾರಿ ಹಿಡಿದು ಹಿಂದಕ್ಕೆ ಹೋಯಿತು. ರೈತ ಊರಿಗೆ ಮರಳಿ ಗುಡ್ಡಕ್ಕೆ ಮೊದಲ ಗುದ್ದಲಿ ಹಾಕಿದ.

ಗುರುಗಳು ಲೋಟ ಖಾಲಿ ಮಾಡಿ ಎದ್ದರು. "ಚಹಾದ ದುಡ್ಡು ನೀನು ಕೊಡಪ್ಪ."

"ಕುಡಿದವರು ನೀವಲ್ಲವೇ? ನಾನು ಮುಟ್ಟಲೂ ಇಲ್ಲ," ಎಂದ ಶಿಷ್ಯ.

"ಗಾಳಿ ನಿನ್ನ ಕಡೆಗೆ ಬೀಸುತ್ತಿದೆ," ಎಂದರು ಗುರುಗಳು.