ಬಾಗೆಮರದ ಒಳಗಿದ್ದ ಚಿತ್ರ

ದೇವರು ತನ್ನ ಕೈಕೆಲಸವನ್ನು ಎಲ್ಲೆಲ್ಲಿ ಬಚ್ಚಿಟ್ಟಿರುತ್ತಾನೋ, ಬಲ್ಲವರು ಯಾರು! ಪ್ಲೈವುಡ್ ಕಾರ್ಖಾನೆಯೊಂದರ ಬಿಸಿನೀರಿನ ತೊಟ್ಟಿಯಲ್ಲಿ ತೇಗದ ದಿಮ್ಮಿಯ ಪಕ್ಕ ಒಂದು ಬಾಗೆಮರದ ದಿಮ್ಮಿ ನೆನೆಯುತ್ತಿತ್ತು. ಅದರ ಒಡಹುಟ್ಟಿದವರೆಲ್ಲ ಸೌದೆಯಾಗಿ ಬಾಯ್ಲರಿನ ಬೆಂಕಿಗೆ ಹೋಗುತ್ತಿದ್ದರು.

"ನಿನ್ನನ್ನೇಕೆ ಇಲ್ಲಿಗೆ ತಂದರು ಗೊತ್ತೇನೋ?" ಎಂದಿತು ತೇಗ. "ಮರದಿಂದ ಹಾಳೆ ಸುಲಿಯುವ ಅಲಗಿಗೆ ಸಾಣೆ ಹಿಡಿದರೆ, ಮೊದಲು ಅದನ್ನು ಅಗ್ಗದ ಮರದ ಮೇಲೆ ಆಡಿಸಿ ನೋಡುತ್ತಾರೆ. ಆಮೇಲೆ ನೀನೂ ಬೆಂಕಿಗೇ!"

"ಆಗಲಿ ಅಣ್ಣ, ದೇವರು ಇಟ್ಟ ಹಾಗೆ," ಎಂದ ಬಾಗೆ, ತೊಟ್ಟಿಯಿಂದ ಎತ್ತಿ ಒಯ್ದಾಗ ಅಂಜುತ್ತಲೇ ಅಲಗಿನ ಮುಂದೆ ಮಲಗಿತು.

ಅಲಗು ಸರ್ರನೆ ಹರಿಯಿತು. ತೆಳ್ಳನೆಯ ಹಾಳೆಯೊಂದು ಎದ್ದು ಬಂತು. ಅದರ ತುಂಬ ಜೇನುಬಣ್ಣದ ಅಲೆಗಳು, ನಡುನಡುವೆ ಕಪ್ಪು ಗೆರೆಗಳು. ತೇಗ ತೊಟ್ಟಿಯ ಅಂಚಿಗೆ ತೇಲಿಬಂದು ಇಣುಕಿತು.

"ಅಕ್ಕಾ, ಇದನ್ನು ನೀನು ಬರೆದೆಯಾ?" ಎಂದು ಅಲಗನ್ನು ಕೇಳಿತು ಬಾಗೆ.

"ನಾನು ಬಾಗಿಲು ತೆರೆದವಳಷ್ಟೇ ತಮ್ಮ. ಬರೆಯುವವನು ನೀನು ಸಸಿಯಾಗಿದ್ದಾಗಲೇ ಬರೆಯಲು ಕೂತಿದ್ದ," ಎಂದಿತು ಅಲಗು.

ಬಾಗೆ ಹಿಗ್ಗಲಿಲ್ಲ. ಬಾಯ್ಲರಿನ ಕಡೆ ನೋಡಿ, "ಹಾಗಾದರೆ ಅವರೊಳಗೂ ಇತ್ತೇ?" ಎಂದು ಕೇಳಿತು.

ಅಷ್ಟರಲ್ಲಿ ಮೇಸ್ತ್ರಿ ಬಸವಣ್ಣೆಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. "ಶಿವನೇ, ಇಂಥದ್ದನ್ನ ಉರಿಸ್ತಾ ಇದ್ವಲ್ಲೋ!" ಎಂದವನೇ ಬಾಯ್ಲರಿನತ್ತ ಓಡಿದ. ಬೆಂಕಿಯ ಬಾಯಿಗೆ ಅರ್ಧ ಹೋಗಿದ್ದ ದಿಮ್ಮಿಯನ್ನು ಹಿಂದಕ್ಕೆ ಎಳೆದು, ಅದಕ್ಕೆ ಹತ್ತಿದ್ದ ಉರಿಯನ್ನು ತನ್ನ ಹೆಗಲ ವಸ್ತ್ರದಿಂದಲೇ ಬಡಿದು ಬಡಿದು ಆರಿಸಿದ.