ಅರ್ಧರ್ಧ ಮಾತು ಕಲಿತವರು ರಾಜನ ಬಾಗಿಲು ತಟ್ಟಿದ್ದು

ಒಂದಾನೊಂದು ಊರಿನಲ್ಲಿ, ಆ ಊರಿಗೆ ಇನ್ನೂ ದಾರಿ ಹುಟ್ಟಿರಲಿಲ್ಲ, ಜನ ಸುಮ್ಮನೆ ಬಂದು ಉದುರುತ್ತಿದ್ದರು, ಅಂಥ ಕಾಲದಲ್ಲಿ, ಮಾತು ಕಲಿಸುವ ಮೇಷ್ಟ್ರೊಬ್ಬ ಇದ್ದ. ಆ ಮೇಷ್ಟ್ರು ನಾನೇ. ನಗಬೇಡಿ. ಶಾಲೆಗೆ ಹೋದವರು ಮಾತನ್ನೆಲ್ಲ ಪುಸ್ತಕದಲ್ಲಿ ಬಿಟ್ಟು ಬರುತ್ತಾರೆ. ನಾನು ಶಾಲೆಯ ನೆರಳೂ ತುಳಿದವನಲ್ಲ. ಹಾಗಾಗಿ ನನ್ನ ಮಾತೆಲ್ಲ ಬಾಯಲ್ಲೇ ಇತ್ತು. ಊರಿನ ಹೆಸರು ಉದ್ದಿನಗುಡ್ಡ.

ಆ ಊರಿಗೆ ಒಂದು ದಿನ ಇಬ್ಬರು ಹುಡುಗರು ಬಂದು ಉದುರಿದರು. ಬಿಳಿ ಅಂಗಿ, ಕತ್ತಿಗೆ ಟೈ, ಎದೆಯ ಮೇಲೆ ಕರಿ ಹೆಸರುಪಟ್ಟಿ. ಮಾರ್ಮನ್ ಅನ್ನುವ ಕ್ರೈಸ್ತ ಪಂಥದವರಂತೆ. ಮನೆ ಮನೆ ಬಾಗಿಲು ತಟ್ಟಿ ದೇವರ ಮಾತು ಹೇಳುವುದು ಅವರ ಕೆಲಸವಂತೆ. ಅದಕ್ಕೆ ಮೊದಲು ಒಂಬತ್ತು ವಾರ ತರಬೇತಿ, ಅಷ್ಟರಲ್ಲಿ ಕನ್ನಡ ಕಲಿಯಬೇಕು. ಒಬ್ಬ ಓಲ್ಸೆನ್, ಇನ್ನೊಬ್ಬ ಬಿಂಗಮ್. ಇಬ್ಬರಿಗೂ ಹತ್ತೊಂಬತ್ತು ವರ್ಷ. ಆದರೂ ಅವರ ಪಂಥದಲ್ಲಿ ಅವರನ್ನು ಹಿರಿಯರು ಅಂತ ಕರೆಯುತ್ತಾರೆ!

"ಇವರು ಹಿರಿಯರಾದರೆ ನೀವೇನು?" ಅಂದಳು ನನ್ನ ಹೆಂಡತಿ ಚೌಡವ್ವ. "ಬನ್ನಿ, ತೊಟ್ಟಿಲು ಕಟ್ಟಿಕೊಡ್ತೀನಿ."

ಅವರಿಗೆ ಎರಡು ಕಟ್ಟಳೆ ಇದ್ದವು. ಮೊದಲನೆಯದು, ಹಳೆಯ ಭಾಷೆ ಮುಟ್ಟಬಾರದು. ಅದಕ್ಕೆ ಇಬ್ಬರೂ ತಮ್ಮ ಇಂಗ್ಲಿಷನ್ನೆಲ್ಲ ಒಂದು ತಗಡಿನ ಪೆಟ್ಟಿಗೆಗೆ ಹಾಕಿ ಮುಚ್ಚಳ ಬಿಗಿದಿದ್ದರು. ಪೆಟ್ಟಿಗೆ ನಾಯಿ ಹಾಗೆ ಅವರ ಹಿಂದೆ ಹಿಂದೆ ಓಡಾಡುತ್ತಿತ್ತು. ಎರಡನೆಯದು, ಜೊತೆಗಾರನನ್ನು ಬಿಟ್ಟು ಇರಬಾರದು. ಉಂಡರೆ ಇಬ್ಬರೂ, ನಡೆದರೆ ಇಬ್ಬರೂ, ಒಬ್ಬನಿಗೆ ಮುಳ್ಳು ಚುಚ್ಚಿದರೆ ಇಬ್ಬರೂ ಕುಂಟಬೇಕು.

ಆ ಇಬ್ಬರಲ್ಲಿ ಬಿಂಗಮ್ ಚುರುಕು. ಓಲ್ಸೆನ್ ನಿಧಾನ. ಆದರೆ ಆಸೆಯೆಲ್ಲ ಓಲ್ಸೆನ್‌ನದೇ. ಯಾರು ಯಾವ ಊರಿಗೆ ಹೋಗಬೇಕು ಅಂತ ಅವರಿಗೆ ಒಂದು ಕಾಗದ ಬರುತ್ತದೆ, ಅದನ್ನು ಮನೆಯವರೆಲ್ಲರ ಮುಂದೆ ಒಡೆಯಬೇಕು. ಓಲ್ಸೆನ್ ಒಡೆದಾಗ ಒಳಗೆ ಉದ್ದಿನಗುಡ್ಡ ಅಂತಿತ್ತಂತೆ. ಅವನು ಕುಣಿದ ಕುಣಿತಕ್ಕೆ ಅವರ ಮನೆಯ ಸೂರು ಎರಡು ಮೊಳ ಮೇಲೆದ್ದು ಇನ್ನೂ ಕೆಳಗೆ ಕೂತಿಲ್ಲ! ಈಗ ಮಾತು ಬರದೆ ಹಿಂದಕ್ಕೆ ಹೋದರೆ ಆ ಸೂರಿನ ಕೆಳಗೆ ಹೇಗೆ ನಿಲ್ಲುವುದು ಹೇಳಿ.

ನಮ್ಮೂರಲ್ಲಿ ಮಾತು ಕಲಿಯುವ ಕ್ರಮ ಏನು ಗೊತ್ತಾ? ಒಂದೊಂದು ವಸ್ತುವಿನ ಹೆಸರು ಆ ವಸ್ತುವಿನ ಹತ್ತಿರವೇ ಇರುತ್ತಿತ್ತು. ಚಾಕರಿ ಮಾಡಿದರೆ ಕೊಡುತ್ತಿತ್ತು, ಇಲ್ಲದಿದ್ದರೆ ಇಲ್ಲ. ನಾನು ಮೇಷ್ಟ್ರು, ತೋರಿಸುವವನು ಅಷ್ಟೆ.

ಮೊದಲು ಮಡಕೆಯ ಹತ್ತಿರ ಕರೆದುಕೊಂಡು ಹೋದೆ.

"ಏಳು ಸಲ ಬಾವಿಗೆ ಹೊತ್ತುಕೊಂಡು ಹೋಗಿ ಬಾ," ಅಂತು ಮಡಕೆ. ಇಬ್ಬರೂ ಹೊತ್ತರು, ಒಂದು ಕಡೆ ಇವನು, ಒಂದು ಕಡೆ ಅವನು. ಏಳು ಸಲ ಆಯಿತು. ಮಡಕೆ ಒಂದು ಹೆಸರು ಕೊಟ್ಟಿತು.

"ಇನ್ನೊಂದು ಕೊಡು, ಇಬ್ಬರಿದ್ದಾರಲ್ಲ," ಅಂದೆ ನಾನು.

"ಇಬ್ಬರೂ ಒಂದೇ ಅಂತ ಅವರೇ ಹೇಳ್ತಾರಲ್ಲ ತಾತ," ಅಂತು ಮಡಕೆ. "ಒಂದೇ ಜೊತೆಗೆ ಒಂದೇ ಹೆಸರು. ಹಂಚಿಕೊಳ್ಳಲಿ."

ಕಟ್ಟಳೆಯ ಹುಡುಗರು! ಹಂಚಿಕೊಂಡೇಬಿಟ್ಟರು. ಓಲ್ಸೆನ್‌ಗೆ 'ಮಡ', ಬಿಂಗಮ್‌ಗೆ 'ಕೆ'. ಆವತ್ತಿನಿಂದ ಇವನು 'ಮಡ' ಅಂದರೆ ಅವನು 'ಕೆ' ಅನ್ನಬೇಕು. ನಾನು ತಡೆಯಬಹುದಿತ್ತು. ಆದರೆ ಕೇಳೋಕೆ ಬಲು ಚೆನ್ನಾಗಿತ್ತು, ಬಿಟ್ಟೆ.

ಆಮೇಲೆ ಮೇಕೆಯ ಹತ್ತಿರ ಹೋದೆವು. ಬಿಂಗಮ್ ಹತ್ತಿರ 'ಕೆ' ಆಗಲೇ ಇತ್ತು. ಹಾಗಾಗಿ ಅವನು ಬೇಲಿಯ ಮೇಲೆ ಕೂತು ಕಾಲಾಡಿಸಿದ. ಓಲ್ಸೆನ್ ಒಬ್ಬನೇ ಮೇಕೆಯ ಮೈ ಉಜ್ಜಿ, ಗೊರಸು ತಿಕ್ಕಿ, ಗಡ್ಡ ಬಾಚಿ 'ಮೇ' ಸಂಪಾದಿಸಿದ.

ನನ್ನನ್ನು ಕರೆಯುವಾಗಲೂ ಹಾಗೇ. ಓಲ್ಸೆನ್ "ತಾ" ಅನ್ನುವನು. ಬಿಂಗಮ್ "ತ" ಅನ್ನುವನು. ಒಂದು ಸಲ ನಡುವೆ ಬಿಂಗಮ್‌ಗೆ ಸೀನು ಬಂತು ನೋಡಿ! 'ತಾ' ಗಾಳಿಯಲ್ಲೇ ನೇತಾಡಿಕೊಂಡು ನಿಂತಿತು. ನಾನು ಓಗೊಡುವಂತಿಲ್ಲ, ಸುಮ್ಮನಿರುವಂತಿಲ್ಲ. ಎತ್ತಿದ ಕಾಲು ಎತ್ತಿದ ಹಾಗೇ ಅರ್ಧ ಗಂಟೆ ನಿಂತಿದ್ದೆ.

ಹೀಗೇ ಎಂಟು ವಾರ. ಎಂಥ ವಾರಗಳು! ಬೆಳಗಾದರೆ ಊರೆಲ್ಲ ಇವರ ಹಿಂದೆ. "ನನ್ನ ಹೆಸರು ತಗೊಳ್ಳಿ," ಅಂತ ಒನಕೆ ಕುಣಿಯುವುದು. "ನನ್ನದು ಮೊದಲು," ಅಂತ ಮೊರ ಹಾರುವುದು.

ಈ ಸುದ್ದಿ ರಾಜ ಮುದ್ದಲಿಂಗನ ಕಿವಿಗೆ ಬಿತ್ತು.

ಮುದ್ದಲಿಂಗನಿಗೆ ಆನೆ ಇತ್ತು, ಕುದುರೆ ಇತ್ತು, ಒಂದೇ ಒಂದು ಕೊರಗಿತ್ತು. ಅವನ ಬಾಗಿಲನ್ನು ಹುಟ್ಟಿದಾಗಿನಿಂದ ಯಾರೂ ತಟ್ಟಿರಲಿಲ್ಲ. ಯಾರಾದರೂ ಬರುವ ಮೊದಲೇ ಕಾವಲಿನವರು ತೆಗೆದುಬಿಡುತ್ತಿದ್ದರು. ಕಾವಲಿನವರನ್ನು ಓಡಿಸಿದ. ಆಗ ಹೆದರಿ ಯಾರೂ ಹತ್ತಿರ ಬರಲಿಲ್ಲ. ಹನ್ನೆರಡು ವರ್ಷದಿಂದ ಚಿಲಕ ಹಿಡಿದುಕೊಂಡು ಬಾಗಿಲ ಹಿಂದೆಯೇ ಕೂತಿದ್ದ. ಊಟ, ನಿದ್ದೆ, ನ್ಯಾಯ ತೀರ್ಮಾನ, ಎಲ್ಲ ಅಲ್ಲೇ.

ಕಿಟಕಿಯಿಂದ ಕೂಗಿ ಹೇಳಿದ: "ಬಾಗಿಲು ತಟ್ಟೋದೇ ಕಸುಬಾದ ಹುಡುಗರು ಇದ್ದಾರಂತಲ್ಲ! ಒಂಬತ್ತನೇ ವಾರ ನನ್ನ ಬಾಗಿಲು ತಟ್ಟಲಿ. ತಟ್ಟಿ, ನನ್ನ ಭಾಷೆಯಲ್ಲಿ ಪೂರಾ ಮಾತು ಹೇಳಲಿ. ಹೇಳಿದರೆ ನನ್ನ ರಾಜ್ಯದ ಎಲ್ಲ ಬಾಗಿಲೂ ಅವರವೇ. ಒಂದು ಅಕ್ಷರ ಕಮ್ಮಿಯಾದರೂ ಸರಿ, ಅವತ್ತೇ ತಿರುಗಿ ಅವರ ದೇಶಕ್ಕೆ."

ಓಲ್ಸೆನ್ ಬೆವತುಬಿಟ್ಟ. ನಾನು ಮೀಸೆ ತಿರುವಿದೆ. "ಹೆದರಬೇಡ್ರೋ. ಹೇಳಬೇಕಾದ್ದು ಇಷ್ಟೇ: ಮನೆಯಲ್ಲಿ ಯಾರಿದ್ದೀರಿ, ಒಳಗೆ ಬರಬಹುದೇ?"

ಇಷ್ಟೇ ಅಂದದ್ದು ಸುಲಭ. 'ಮನೆಯಲ್ಲಿ' ಬೇಕು ಅಂತ ನಮ್ಮ ಮನೆಗೆ ಸುಣ್ಣ ಬಳಿದರು. 'ಯಾರಿದ್ದೀರಿ' ಬೇಕು ಅಂತ, ದಾರಿಯುದ್ದಕ್ಕೂ ತಟ್ಟಿ ತಟ್ಟಿ ಅದನ್ನೇ ಕೇಳುವ ನಮ್ಮೂರ ಕುರುಡಜ್ಜಿಯ ಕೋಲನ್ನು ಬೆನ್ನ ಮೇಲೆ ಹೊತ್ತು ಊರು ತೋರಿಸಿದರು. 'ಒಳಗೆ' ಅನ್ನುವುದಕ್ಕೆ ವಸ್ತುವೆಲ್ಲಿ? ಖಾಲಿ ಕಣಜದಲ್ಲಿ ಮೂರು ದಿನ ಕೂತು ಕಾದರು. 'ಬರಬಹುದೇ' ಇದ್ದದ್ದು ಹೊಸಲಿನ ಮೇಲೆ ನಿಂತು ಒಳಗೂ ಬರದ ಹೊರಗೂ ಹೋಗದ ಬೆಕ್ಕಿನ ಹತ್ತಿರ. ಅದಕ್ಕೆ ಒಂದು ಕೊಡ ಹಾಲು ಹಿಡಿಯಿತು. ಎಲ್ಲವನ್ನೂ ಇಬ್ಬರೂ ಸಮನಾಗಿ ಕಡಿದು ಹಂಚಿಕೊಂಡರು. ಮುಂದಿನ ಅರ್ಧ ಓಲ್ಸೆನ್‌ಗೆ, ಹಿಂದಿನ ಅರ್ಧ ಬಿಂಗಮ್‌ಗೆ.

ಆ ದಿನ ಬಂತು. ಬೆಳಗ್ಗೆ ಚೌಡವ್ವ ಬಿಸಿ ರಾಗಿಮುದ್ದೆ ಇಟ್ಟಳು. "ನುಂಗ್ರಪ್ಪ, ಅಗೀಬ್ಯಾಡಿ," ಅಂತ ಮೂರು ಸಲ ಹೇಳಿದಳು. ಓಲ್ಸೆನ್ ನುಂಗಿದ. ಚುರುಕಿನ ಬಿಂಗಮ್ ಅಗಿದ! ಅಗಿದಷ್ಟೂ ಮುದ್ದೆ ಬೆಳೆಯಿತು. ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿ ಗೋಡೆ ಕಟ್ಟಿಕೊಂಡಿತು. ನಾನು ಎಳೆದೆ, ಚೌಡವ್ವ ಎಳೆದಳು, ಮೇಕೆ ಎಳೆಯಿತು. ಬಾಯಿ ಬಿಡಲೇ ಇಲ್ಲ.

"ಊಂ," ಅಂದ ಬಿಂಗಮ್.

"ನಿನ್ನ ಪಾಲಿನ ಅರ್ಧ ಎಲ್ಲಪ್ಪ?" ಅಂದೆ.

"ಊಂ," ಅಂತ ಕೆನ್ನೆ ತೋರಿಸಿದ. ಎಲ್ಲ ಮುದ್ದೆಯ ಆ ಕಡೆ ಇತ್ತು.

ರಾಜನ ಮೆಟ್ಟಿಲು ಹತ್ತಿದೆವು. ಊರಿಗೆ ಊರೇ ಹಿಂದೆ. ಬಾಗಿಲ ಮುಂದೆ ಓಲ್ಸೆನ್ ನಿಂತ. ಪಕ್ಕದಲ್ಲಿ ಬಿಂಗಮ್, ಕಣ್ಣಲ್ಲಿ ನೀರು. ಆಗ ತಗಡಿನ ಪೆಟ್ಟಿಗೆ ಮುಂದೆ ಬಂದು ಓಲ್ಸೆನ್‌ನ ಕಾಲಿಗೆ ಉಜ್ಜಿತು.

"ಮುಚ್ಚಳ ತೆಗಿಯೋ," ಅಂತು. "ಪೂರಾ ಪೂರಾ ಮಾತು ಇದೆ ನನ್ನ ಹತ್ತಿರ. ಯಾರಿಗೂ ಚಾಕರಿ ಮಾಡಬೇಕಾಗಿಲ್ಲ."

ಪೆಟ್ಟಿಗೆ ಹೇಳಿದ್ದು ಇಂಗ್ಲಿಷಿನಲ್ಲೇ. ನನಗೆ ಇಂಗ್ಲಿಷ್ ಬರುವುದಿಲ್ಲ, ಪೆಟ್ಟಿಗೆಗಳ ಭಾಷೆ ಬರುತ್ತದೆ.

ಓಲ್ಸೆನ್ ಬಗ್ಗಿದ. ಮುಚ್ಚಳದ ಮೇಲೆ ಕೈಯಿಟ್ಟ. ಅವನು ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿ, ಅದರ ಮೇಲೆ ಬಿಂಗಮ್‌ನನ್ನು ಕೂರಿಸಿದ! ಎದ್ದು ಬಾಗಿಲು ತಟ್ಟಿದ.

ಟಕ್. ಟಕ್. ಟಕ್.

ಒಳಗೆ ಚಿಲಕ ಗಡಗಡ ನಡುಗಿತು.

"ಮನೆ..." ಅಂದ ಓಲ್ಸೆನ್. ಅಷ್ಟೇ ಇದ್ದದ್ದು ಅವನ ಹತ್ತಿರ. ಮಾತು ಗಾಳಿಯಲ್ಲಿ ತೂಗಾಡಿತು. ಬಿದ್ದುಹೋಗುತ್ತೆ, ಈಗ ಬಿದ್ದುಹೋಗುತ್ತೆ ಅಂತ ನಾನು ಹೆಗಲ ಮೇಲಿನ ವಲ್ಲಿಬಟ್ಟೆ ತೆಗೆದು ಕೆಳಗೆ ಹರಡಿ ಹಿಡಿದೆ.

ಒಳಗಿನಿಂದ ಒಂದು ಧ್ವನಿ ಬಂತು: "...ಯಲ್ಲಿ?"

ಓಲ್ಸೆನ್ ಕಣ್ಣರಳಿಸಿದ. "ಯಾರಿ..."

"...ದ್ದೀರಿ!" ಅಂತು ಬಾಗಿಲು. ಬಾಗಿಲಲ್ಲ, ಬಾಗಿಲ ಹಿಂದಿನ ರಾಜ!

"ಒಳ..."

"...ಗೆ! ಗೆ! ಮುಂದಿನದು ಹೇಳೋ ಮಗನೇ, ಬೇಗ ಹೇಳೋ!"

"ಬರ..."

"...ಬಹುದು!" ಅಂತ ರಾಜ ಕಿರುಚಿದ. "ಬಹುದು! ಬಹುದು! ಬಹುದು!"

ಕಿರುಚಿಕೊಂಡೇ ಬಾಗಿಲು ಎಳೆದ. ಹನ್ನೆರಡು ವರ್ಷದ ಆಸೆಯಲ್ಲವೇ, ಚೌಕಟ್ಟಿನ ಸಮೇತ ಕಿತ್ತು ಬಂತು. ಬಾಗಿಲನ್ನು ಎದೆಗೆ ಅಪ್ಪಿಕೊಂಡು ರಾಜ ಕುಣಿದ. ಓಲ್ಸೆನ್ ಕುಣಿದ. ಬಿಂಗಮ್ ಪೆಟ್ಟಿಗೆಯ ಮೇಲೆ ಕೂತಲ್ಲೇ ಕುಣಿದ.

ಮಂತ್ರಿ ಬಂದು ಮೂಗು ಮುರಿದ. "ಮಹಾಸ್ವಾಮಿ, ಹುಡುಗ ಹೇಳಿದ್ದು ಅರ್ಧ ಮಾತ್ರ."

"ಮುಚ್ಚಯ್ಯ ಬಾಯಿ," ಅಂದ ಮುದ್ದಲಿಂಗ. "ಉಳಿದ ಅರ್ಧ ನಾನು ಹೇಳಿದೆ. ಪೂರಾ ಆಯಿತಲ್ಲ! ಎಲ್ಲವನ್ನೂ ಅವನೇ ಹೇಳಿಬಿಟ್ಟಿದ್ದರೆ ಇಲ್ಲಿ ಕೂತ ನನಗೇನು ಕೆಲಸವಿತ್ತು?"

ಓಲ್ಸೆನ್ ಉಳಿದ, "ಊಂ" ಅನ್ನುತ್ತ ಬಿಂಗಮ್ ಕೂಡ ಜೊತೆಗೇ ಉಳಿದ. ರಾಜ್ಯದ ಎಲ್ಲ ಬಾಗಿಲೂ ಅವರದಾಯಿತು. ಓಲ್ಸೆನ್ ತಟ್ಟುವನು, ಅರ್ಧ ಹೇಳುವನು, ಒಳಗಿನವರು ಉಳಿದದ್ದು ಹೇಳಿಕೊಂಡೇ ಓಡಿ ಬಂದು ಬಾಗಿಲು ತೆಗೆಯುವರು. ಯಾರೂ ಮಲಗಿದ್ದೀವಿ ಅಂತ ಸುಳ್ಳು ಹೇಳಲಿಲ್ಲ.

ಇದರ ನೀತಿ ಏನಪ್ಪ ಅಂದರೆ, ರಾಜರಾಗಿ ಹುಟ್ಟಿದವರು ಬಾಗಿಲ ಹಿಂದೆಯೇ ಕೂತಿರಬೇಕು, ಸಿಂಹಾಸನ ಬೆನ್ನಿಗೆ ಒಳ್ಳೆಯದಲ್ಲ.

ಹೇಳಿದವನ ನಾಲಿಗೆಗೆ ಬೆಲ್ಲ, ಕೇಳಿದವರ ಕಿವಿಗೆ ತುಪ್ಪ. ನಂಬದವರ ಹುಂಜ ಮಟಮಟ ಮಧ್ಯಾಹ್ನ ಕೂಗಲಿ.