ಸುಟ್ಟ ಕಲ್ಲಿನ ಮೇಲೆ ನಾಲ್ಕು ಹನಿ

"ಸಿಟ್ಟು ಬಂದಾಗ ಬಾಯಿಗೆ ಬಂದದ್ದು ಬಂದ್ಬಿಡುತ್ತೆ ಬುದ್ಧಿ. ಬರೀ ಮಾತಲ್ವಾ? ಮಾತೇನು ಸುಡುತ್ತಾ?"

ಕೇಳಿದೋನು ಮಠದ ಶಿಷ್ಯ. ಅವತ್ತು ಊಟ ಒಂದು ಗಳಿಗೆ ತಡ ಆಗಿತ್ತು. ಅಷ್ಟಕ್ಕೇ ಅಡುಗೆ ಮಾಡೋ ಚಿಕ್ಕತಾಯಮ್ಮನಿಗೆ "ನಿನ್ನ ಕೈಗೆ ಬೆಂಕಿ ಬೀಳ, ನಿನ್ನ ಸೀರೆಗೆ ಬೆಂಕಿ ಬೀಳ" ಅಂತ ಅಂಗಳದಲ್ಲಿ ನಿಂತು ಶಾಪ ಹಾಕಿದ್ದ. ಇಡೀ ಕೇರಿ ಕಿವಿ ಅಗಲಿಸಿ ಕೇಳಿಸ್ಕೊಂಡಿತ್ತು.

ಗುರುಗಳು ಒಂದು ಕತೆ ಹೇಳಿದ್ರು.

ಒಂದೂರಲ್ಲಿ ಸುಣ್ಣ ಸುಡೋ ಅಣ್ಣತಮ್ಮ ಇದ್ರು. ಕಲ್ಲು ಸುಡೋ ಗೂಡು ಇಬ್ಬರಿಗೂ ಸೇರಿ ಒಂದೇ. ಒಂದ್ಸಲ ದೊಡ್ಡೋನು ಕಲ್ಲು ಸುಟ್ರೆ ಮುಂದಿನ ಸಲ ಚಿಕ್ಕೋನು. ಈ ಚಿಕ್ಕೋನಿಗೆ ತಾಳ್ಮೆ ಅನ್ನೋದು ಹುಟ್ಟಿದಾಗಿಂದ ಇಲ್ಲ. ಅಣ್ಣನ ಸರದಿ ಇದ್ದ ದಿನ, ಅಣ್ಣ ಬರೋಕೆ ಮುಂಚೆ, ತನ್ನ ಕಲ್ಲು ತುಂಬಿ ಬೆಂಕಿ ಹಚ್ಚಿಬಿಟ್ಟ.

ದೊಡ್ಡೋನಿಗೆ ಅಂಗಾಲಿಂದ ನೆತ್ತಿವರೆಗೂ ಉರೀತು. ಹೊಡೀಲಿಲ್ಲ, ಬಡೀಲಿಲ್ಲ. ಬಾಯಿ ಬಿಟ್ಟ. "ಅವನ ಗುಡಿಸ್ಲು ಉರಿದು ಬೂದಿ ಆಗ! ಅವನ ಕಣ್ಣು ಇಂಗೋಗ!" ಬಾವಿ ಕಟ್ಟೆ ಮೇಲೆ ಅದೇ, ಹಿಟ್ಟಿನ ಗಿರಣಿ ಮುಂದೆ ಅದೇ, ಕ್ಷೌರಕ್ಕೆ ಕೂತು ಅರ್ಧ ಗಡ್ಡ ಇಟ್ಕೊಂಡೂ ಅದೇ. ಕೇಳೋರಿಗೇನು ನಷ್ಟ? "ಇನ್ನೇನಂದೆ, ಇನ್ನೇನಂದೆ" ಅಂತ ಕೆದಕಿ ಕೆದಕಿ ಹೇಳಿಸೋರು.

ಹೆಂಡ್ತಿ ಅಂದ್ಲು: "ನಿಮ್ಮ ಬೆನ್ನಿಗೆ ಬಿದ್ದೋನು ಕಣ್ರೀ ಅವನು. ಬಾಯಿಗೆ ಒಂದು ಚಿಲಕ ಬೇಡ್ವಾ?"

"ಬರೀ ಮಾತು ಕಣೇ. ಉಗುಳಿದಂಗೆ. ಉಗುಳಿಗೆ ಯಾರಾದ್ರೂ ಸಾಯ್ತಾರಾ?"

ಸುಟ್ಟ ಸುಣ್ಣದ ಕಲ್ಲು ನೋಡೋಕೆ ತಣ್ಣಗೆ, ಬೆಳ್ಳಗೆ, ಸಾಧು ಹಸು ಇದ್ದಂಗೆ ಇರುತ್ತೆ. ನೀರು ಸೋಕಿತೋ, ಕೊತಕೊತ ಕುದಿಯುತ್ತೆ. ಪಕ್ಕದ ಗೋಣಿ, ತೆಂಗಿನ ಗರಿ ಹತ್ಕೊಳ್ಳೋ ಅಷ್ಟು ಕಾವು. ಊರೋರಿಗೂ ಗೊತ್ತಿರೋ ಮಾತೇ. ಆದ್ರೆ ಉರಿ ಕಂಡಾಗ ಯಾರಿಗೆ ನೆನಪಿರುತ್ತೆ?

ಒಂದು ಮಧ್ಯಾಹ್ನ ಮೋಡ ಕಟ್ತು. ಚಿಕ್ಕೋನ ಗುಡಿಸ್ಲಿನ ಮೇಲೆ ಗರಿ ಹಾರಿ ತೂತಾಗಿರೋದು ದೊಡ್ಡೋನ ಕಣ್ಣಿಗೆ ಬಿತ್ತು. ಒಳಗೆ ಸುಟ್ಟ ಕಲ್ಲಿನ ರಾಶಿ. ಹೇಳೋಣ ಅಂದ್ರೆ ಊರೆಲ್ಲಾ ಶಾಪ ಹಾಕ್ಕೊಂಡು ಬಂದ ಬಾಯಿ. ಕೂತ. ಎದ್ದ. ಮತ್ತೆ ಕೂತ. ಕೊನೆಗೆ ತಡೀಲಾರದೆ, ತೂತು ಮುಚ್ಚೋಕೆ ಅಂತ ಒಣ ಗರಿ ಹೊರೆ ಕಟ್ಟಿದ. ಕಟ್ಟೋ ಅಷ್ಟರಲ್ಲಿ ಮಳೆ ಬಂದು, ನಾಲ್ಕು ಹನಿ ಉದುರಿಸಿ, ಹೊರಟೂ ಹೋಯ್ತು.

ಹೊರೆ ಹೊತ್ಕೊಂಡು ಓಡಿದ್ರೆ ಗುಡಿಸ್ಲಿಂದ ಹೊಗೆ. ಸುಣ್ಣದ ಮೂಟೆ ಉಳಿಸ್ಕೊಳ್ಳೋಕೆ ಚಿಕ್ಕೋನು ಒಳಗೇ ಇದ್ದ. ಊರಿಗೂರೇ ಕೊಡ ಹಿಡ್ಕೊಂಡು ಬಂದಿತ್ತು.

"ನೀರು ಹುಯ್ಯಬೇಡ್ರೋ! ಮಣ್ಣು ಎರಚ್ರೋ! ಲೋ ತಮ್ಮ, ಎಲ್ಲಾ ಬಿಟ್ಟು ಈಚೆಗೆ ಬಾರೋ!"

ಜನ ತಿರುಗಿ ನೋಡಿದ್ರು. ಬೆಂಕಿ ಬಿದ್ದ ಕಡೆಗೆ ಒಣ ಗರಿ ಹೊತ್ಕೊಂಡು ಬಂದವ್ನೆ. ನೀರು ಹಾಕ್ಬೇಡಿ ಅಂತವ್ನೆ.

"ನೋಡ್ರಪ್ಪ, ಇನ್ನೂ ಇವನ ಹೊಟ್ಟೆ ತಣ್ಣಗಾಗಿಲ್ಲ! ಹಿಡ್ಕೊಳ್ರೋ ಇವನ್ನ!"

ನಾಲ್ಕು ಜನ ಹಿಡಿದು ಬೇಲಿ ಕಂಬಕ್ಕೆ ಒತ್ತಿ ನಿಲ್ಲಿಸಿದ್ರು. ಅವನ ಕಣ್ಣೆದುರಿಗೇ ಕೊಡದ ಮೇಲೆ ಕೊಡ ಹುಯ್ದ್ರು. ರಾಶಿ ಕುದ್ದು, ಸಿಡಿದು, ಬಗ್ಗಿ ಮೂಟೆ ಎಳೀತಿದ್ದ ಚಿಕ್ಕೋನ ಮುಖಕ್ಕೆ ಎಗರ್ತು.

ಜೀವ ಉಳೀತು. ಎರಡು ಕಣ್ಣೂ ಹೋದ್ವು. "ಏನು ಬಾಯಪ್ಪ ಅದು, ಅಂದಂಗೇ ಆಯ್ತಲ್ಲ" ಅಂತ ಊರು ಆಡ್ಕೊಳ್ತು.

ಎಷ್ಟೋ ದಿನ ಆದ್ಮೇಲೆ, ಅನ್ನ ಕಲಸಿ ಕೈತುತ್ತು ಇಡ್ತಿದ್ದ ಅಣ್ಣನಿಗೆ ತಮ್ಮ ಹೇಳ್ದ: "ಈಚೆಗೆ ಬಾ ಅಂತ ನೀನು ಕೂಗಿದ್ದು ನಂಗೆ ಕೇಳಿಸ್ತು ಕಣಣ್ಣ. ನನ್ನ ಕಲ್ಲು ಹಾಳಾಗ್ಲಿ ಅಂತ ಕೂಗ್ತಿದೀಯ ಅನ್ಕೊಂಡೆ."

ಗುರುಗಳು ಕತೆ ಅಲ್ಲಿಗೇ ನಿಲ್ಲಿಸಿ, ಅಡುಗೆಮನೆ ಕಡೆ ಕೈ ತೋರಿಸಿದ್ರು.

"ಹೋಗಪ್ಪ, ಒಲೆ ಹತ್ರ ಸೆರಗು ಜೋಪಾನ ಅಂತ ಚಿಕ್ಕತಾಯಮ್ಮನಿಗೆ ಒಂದ್ಮಾತು ಹೇಳಿ ಬಾ, ನಂಬ್ತಾಳಾ ನೋಡಾಣ."